ಫೀಸು ಕಟ್ಟಿದರೆ ಮುಗಿಯಿತಾ?

ಮುಂಬೈನ ಮಾಟುಂಗದಲ್ಲಿ ಕಾಫಿ ಕುಡಿಯುತ್ತಾ ಶುರುವಾದ ಕೆಲಸ ಇದು. ನಾವು 8 ಗೆಳೆಯರು, ತಿಂಗಳಿಗೆ ತಲಾ 1,000 ರೂಪಾಯಿ. ಡಾಕ್ಟರಿಕೆ, ನರ್ಸಿಂಗ್ ಓದುವ ಇಲ್ಲಿನ ಕನ್ನಡಿಗರ ಮಕ್ಕಳಿಗೆ.

ಮೊದಲ ವರ್ಷ ಫೀಸಿಗೆ ನೆರವಾಗಿ ಸುಮ್ನೆ ಬೀಗಿದ್ದೆವು. ಆಮೇಲೆ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಖರ್ಚಿನ ಚೀಟಿ ತಂದಳು. ಬಿಳಿ ಶೂ, ಎರಡು ಜೊತೆ ಯೂನಿಫಾರ್ಮ್, ಡೊಂಬಿವಲಿಯಿಂದ ಟ್ರೇನ್ ಪಾಸ್. ಕೆಳಗೆ ಪೆನ್ಸಿಲಿನಲ್ಲಿ 'ಮಧ್ಯಾಹ್ನದ ಊಟ' ಅಂತ ಬರೆದು ಅಳಿಸಿದ್ದಳು. ಗುರುತು ಮಾತ್ರ ಉಳಿದಿತ್ತು.

"ಅದು ಬೇಡ ಅಂಕಲ್, ನಾನೇ ನೋಡ್ಕೋತೀನಿ" ಅಂದಳು.

ಎಂಬಿಬಿಎಸ್ ಮಕ್ಕಳ ಪಾಡೂ ಇದೇ ಅಲ್ವಾ? 4½ ವರ್ಷ ಓದಿದ ಮೇಲೆ, ಇಂಟರ್ನ್‌ಶಿಪ್‌ನ 1 ವರ್ಷ ಮಾತ್ರ ಸ್ಟೈಪೆಂಡ್.

ಈಗ ಪ್ರತಿ ತಿಂಗಳು ಅವರ ಖಾತೆಗೇ ಹಣ ಹಾಕುತ್ತೇವೆ. ಬಿಲ್ ಕೇಳುವುದಿಲ್ಲ. ನಮ್ಮ ಗುಂಪಿನ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇನ್ನೂ ಗೊಣಗುತ್ತಾರೆ. ಗೊಣಗಲಿ, ದುಡ್ಡಂತೂ ತಪ್ಪದೆ ಕೊಡುತ್ತಾರೆ.