ಹಳೆಯ ಮೀನುಗಾರಿಕೆ ಬೋಟ್ ನೋಡಲು ಹೋದರೆ ನೀರಿನ ಜಾಡು ಹಿಡಿಯಿರಿ

ನನ್ನ ಕೆಲಸ ಬೋಟ್ ರಿಪೇರಿ. ಫೈಬರ್ ಕೆಲಸವನ್ನೂ ಮಾಡುತ್ತೇನೆ, ಇಂಜಿನ್ ಕೆಲಸವನ್ನೂ ಮಾಡುತ್ತೇನೆ. ಸೆಕೆಂಡ್ ಹ್ಯಾಂಡ್ ಬೋಟ್ ಕೊಂಡವರು ನನ್ನ ಹತ್ತಿರ ಬರುವುದು ಸಾಮಾನ್ಯವಾಗಿ ದುಡ್ಡು ಕೊಟ್ಟಾದ ಮೇಲೆ. ಆಗ ನಾನು ಹೇಳಬೇಕಾದ ಮಾತು ಕೇಳುವವರಿಗೂ ಕಷ್ಟ, ಹೇಳುವ ನನಗೂ ಕಷ್ಟ. ದುಡಿಮೆಗೆಂದು ಕೂಡಿಟ್ಟ ಹಣ ಅದು. ಅದಕ್ಕೇ, ಕೊಳ್ಳುವ ಮೊದಲು ನಾನು ಜೊತೆಗೆ ಬಂದಿದ್ದರೆ ಏನು ನೋಡುತ್ತಿದ್ದೆನೋ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಡುಕುವುದು ಮುಖ್ಯವಾಗಿ ಒಂದನ್ನೇ. ನೀರು ಇರಬಾರದ ಜಾಗದಲ್ಲಿ ನೀರು ಇದೆಯಾ? ಫೈಬರಿನ ಒಳಗಿನ ಮರದಲ್ಲಿ, ಡೆಕ್ಕಿನ ಕೆಳಗಿನ ಫೋಮಿನಲ್ಲಿ, ಗೇರ್ ಆಯಿಲ್‌ನಲ್ಲಿ, ಪೆಟ್ರೋಲ್ ಟ್ಯಾಂಕಿನಲ್ಲಿ, ವೈರಿನ ಒಳಗೆ. ಹಳೆಯ ಬೋಟಿನಲ್ಲಿ ನಾನು ನೋಡಿದ ದೊಡ್ಡ ಖರ್ಚುಗಳಲ್ಲಿ ಹೆಚ್ಚಿನವು ಶುರುವಾಗಿದ್ದು ಹೀಗೆ ನುಸುಳಿದ ನೀರಿನಿಂದಲೇ.

ಮೊದಲು ಹಿಂದಿನ ಗೋಡೆಗೆ ಹೋಗಿ. ಔಟ್‌ಬೋರ್ಡ್ ಇಂಜಿನ್ ತೂಗುಹಾಕುವ ಆ ಗೋಡೆಯನ್ನು ಟ್ರಾನ್ಸಮ್ ಅನ್ನುತ್ತೇವೆ. ಹೊರಗೆ ಫೈಬರ್, ಒಳಗೆ ಫೈಬರ್, ನಡುವೆ ಪ್ಲೈವುಡ್. ಹಳೆಯ ಬೋಟ್‌ಗಳಲ್ಲಿ ಬಹುಪಾಲು ಹೀಗೇ ಇರುತ್ತದೆ. ಇಂಜಿನ್ ಬೋಲ್ಟಿಗೆ ತೂತು ಕೊರೆದಿರುತ್ತಾರೆ. ಡ್ರೈನ್ ಪ್ಲಗ್‌ಗೆ ಇನ್ನೊಂದು. ಮೀನು ಹುಡುಕುವ ಸೋನಾರ್ ಕೂರಿಸಲು ಮತ್ತೆರಡು. ಆ ತೂತುಗಳ ಸುತ್ತ ಹಚ್ಚಿದ ಸೀಲೆಂಟ್ ವರ್ಷ ಕಳೆದಂತೆ ಒಣಗಿ ಬಿಟ್ಟುಕೊಳ್ಳುತ್ತದೆ. ನೀರು ಹನಿ ಹನಿಯಾಗಿ ಪ್ಲೈವುಡ್‌ಗೆ ಇಳಿಯುತ್ತದೆ. ಒಳಗೆ ಹೋದದ್ದು ಆರುವುದಿಲ್ಲ, ಎರಡೂ ಕಡೆ ಫೈಬರ್ ಮುಚ್ಚಿದೆ ಅಲ್ವಾ. ಮರ ಕೊಳೆತು ಹಿಂಡಿಯಾಗಿದ್ದರೂ ಹೊರಗಿನ ಬಣ್ಣ ಮಾತ್ರ ಚೆನ್ನಾಗಿಯೇ ಕಾಣುತ್ತದೆ.

ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಇಡೀ ಗೋಡೆಯನ್ನು ಮೆಲ್ಲಗೆ ಬಡಿಯುತ್ತಾ ಹೋಗಿ. ಗಟ್ಟಿ ಇರುವ ಕಡೆ ಟಕ್ ಟಕ್ ಎಂದು ಚುರುಕಾಗಿ ಕೇಳುತ್ತದೆ. ಕೊಳೆತ ಕಡೆ ದೊಪ್ ಎನ್ನುತ್ತದೆ. ವ್ಯತ್ಯಾಸ ಕಿವಿಗೆ ಬೇಗ ಗೊತ್ತಾಗುತ್ತದೆ, ಇದಕ್ಕೆ ಅನುಭವ ಜಾಸ್ತಿ ಬೇಕಿಲ್ಲ. ಆಮೇಲೆ ಇಂಜಿನ್ನನ್ನು ಅರ್ಧ ಮೇಲೆತ್ತಿ, ನೀರಿಗಿಳಿಯುವ ಅದರ ಕಾಲಿನ ಮೇಲೆ ಭಾರ ಹಾಕಿ ಒತ್ತಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಟ್ರಾನ್ಸಮ್ ನೋಡುತ್ತಿರಲಿ. ಗೋಡೆ ಬಾಗಿದರೆ ಅಥವಾ ಮೂಲೆಗಳಲ್ಲಿ ಬಿರುಕು ಬಾಯಿಬಿಟ್ಟರೆ ಅಲ್ಲಿಗೆ ಮಾತು ಮುಗಿಯಿತು. ಬೋಲ್ಟಿನ ವಾಷರ್‌ಗಳು ಫೈಬರಿನೊಳಗೆ ಹೂತುಹೋಗಿದ್ದರೂ ಅದೇ ಅರ್ಥ. ಮಾರುವವರು ಒಪ್ಪಿದರೆ ಕೆಳಗಿನ ಒಂದು ಸ್ಕ್ರೂ ಬಿಚ್ಚಿಸಿ ನೋಡಿ. ಕಂದು ನೀರು ಒಸರಿದರೆ ಬೇರೆ ಸಾಕ್ಷಿ ಬೇಕಿಲ್ಲ. ಟ್ರಾನ್ಸಮ್ ಹೊಸದಾಗಿ ಮಾಡುವುದೆಂದರೆ ಇಂಜಿನ್ ಇಳಿಸಬೇಕು, ಒಳಪದರ ಕತ್ತರಿಸಬೇಕು, ಮರವನ್ನೆಲ್ಲ ಕೆರೆದು ತೆಗೆದು ಹೊಸ ಪ್ಲೈ ಕೂರಿಸಿ ಮತ್ತೆ ಫೈಬರ್ ಹಾಕಬೇಕು. ಚಿಕ್ಕ ಬೋಟಾದರೆ ಆ ಕೂಲಿಯೇ ಬೋಟಿನ ಬೆಲೆ ಮೀರಬಹುದು.

ಇನ್ನು ಫೋಮ್. ಇದರ ಬಗ್ಗೆ ಯಾರೂ ಕೇಳುವುದಿಲ್ಲ, ನನಗೆ ಇದೇ ಜಾಸ್ತಿ ಚಿಂತೆ. ಬೋಟ್ ಮುಳುಗದಿರಲಿ ಎಂದು ಡೆಕ್ಕಿನ ಕೆಳಗೆ ಫೋಮ್ ತುಂಬಿರುತ್ತಾರೆ. ಮೀನಿನ ಪೆಟ್ಟಿಗೆಯ ಸುತ್ತಲೂ ಐಸ್ ಕರಗದಿರಲೆಂದು ಹಾಕಿರುತ್ತಾರೆ. ಹೊಸದರಲ್ಲಿ ಅದು ನೀರು ಹೀರುವುದಿಲ್ಲ. ಆದರೆ ವರ್ಷಗಟ್ಟಲೆ ನೀರಿನಲ್ಲೇ ಕೂತರೆ ಹೀರುತ್ತದೆ, ಬಿಸಿಲಿಗೆ ಎಷ್ಟೇ ನಿಲ್ಲಿಸಿದರೂ ಬಿಡುವುದಿಲ್ಲ. 200 ಲೀಟರ್ ನೀರು ಎಂದರೆ 200 ಕಿಲೋ. ಅಷ್ಟು ಭಾರವನ್ನು ಪ್ರತಿ ಸಲ ಹೊತ್ತು ಹೋಗಬೇಕು, ಅದಕ್ಕೂ ಇಂಧನ ಸುಡಬೇಕು.

ಒಬ್ಬರು ಹೀಗೇ ಒಂದು ಬೋಟ್ ತಂದಿದ್ದರು. ಬಣ್ಣ ಹೊಸದು, ಇಂಜಿನ್ನೂ ಒಳ್ಳೆಯದು. ಆದರೆ ಎಷ್ಟು ಥ್ರಾಟಲ್ ಕೊಟ್ಟರೂ ಬೋಟ್ ನೀರಿನ ಮೇಲೆ ಏಳುತ್ತಿರಲಿಲ್ಲ, ಹಿಂಭಾಗ ಜಗ್ಗಿಕೊಂಡೇ ಹೋಗುತ್ತಿತ್ತು. ಅವರು ಪ್ರೊಪೆಲ್ಲರ್ ಬದಲಿಸಿದರು, ಕಾರ್ಬ್ಯುರೇಟರ್ ಬಿಚ್ಚಿಸಿದರು. ನಾನು ಡೆಕ್ಕಿನಲ್ಲಿ ಅಂಗೈ ಅಗಲದ ತೂತು ಕತ್ತರಿಸಿ ಫೋಮಿನ ಒಂದು ತುಂಡು ಕಿತ್ತು ಹಿಂಡಿದೆ. ನೀರು ಧಾರೆಯಾಗಿ ಸುರಿಯಿತು. ಇಂಜಿನ್ನಿನ ತಪ್ಪು ಏನೂ ಇರಲಿಲ್ಲ.

ಇದನ್ನು ಕೊಳ್ಳುವ ಮೊದಲೇ ತಿಳಿಯಬಹುದು. ಟ್ರೇಲರ್ ಮೇಲಿರುವ ಬೋಟಾದರೆ ಲಾರಿ ತೂಗುವ ವೇಬ್ರಿಜ್ಜಿಗೆ ಒಯ್ದು ತೂಗಿಸಿ. ಟ್ರೇಲರ್, ಇಂಜಿನ್, ಇಂಧನದ ತೂಕ ಕಳೆದು, ತಯಾರಕರು ಹೇಳಿದ ತೂಕಕ್ಕೆ ಹೋಲಿಸಿ. ತುಂಬಾ ಜಾಸ್ತಿ ಬಂದರೆ ಆ ಭಾರ ಎಲ್ಲಿಂದ ಬಂತು ಎಂದು ಮಾರುವವರನ್ನೇ ಕೇಳಿ. ನೀರಿನಲ್ಲಿರುವ ಬೋಟಾದರೆ ತೇಲುವ ಗೆರೆ ನೋಡಿ. ಡೆಕ್ಕಿನ ನೀರು ಹೊರಹೋಗುವ ತೂತುಗಳು ಖಾಲಿ ಬೋಟಿನಲ್ಲೇ ನೀರಿನ ಮಟ್ಟಕ್ಕೆ ಬಂದಿದ್ದರೆ ಬೋಟ್ ಭಾರವಾಗಿದೆ. ಡೆಕ್ಕಿನ ಮೇಲೆ ಹಿಮ್ಮಡಿ ಊರಿ ನಡೆಯಿರಿ. ಮೆತ್ತಗೆ ತಗ್ಗಿದ ಕಡೆ ಕೆಳಗಿನ ಮರ ಹೋಗಿದೆ.

ತಳದಲ್ಲಿ ಗುಳ್ಳೆಗಳಿದ್ದರೆ ಅಷ್ಟು ಹೆದರಬೇಡಿ. ಫೈಬರಿನ ಹೊರ ಪದರದ ಹಿಂದೆ ನೀರು ಸೇರಿ ಗುಳ್ಳೆ ಏಳುತ್ತದೆ, ಚುಚ್ಚಿದರೆ ಬರುವ ದ್ರವಕ್ಕೆ ವಿನೆಗರಿನ ಹುಳಿ ವಾಸನೆ. ನಾಲ್ಕಾರು ಗುಳ್ಳೆಗಳಿಗೆ ಬೋಟ್ ಬಿಡುವ ಅಗತ್ಯವಿಲ್ಲ, ಬೆಲೆ ಇಳಿಸಿ ಕೇಳಿ. ತಳದ ತುಂಬಾ ಇದ್ದರೆ ಬೇರೆ ಮಾತು. ಬಿರುಕುಗಳಲ್ಲೂ ವ್ಯತ್ಯಾಸ ಇದೆ. ಒಂದೇ ಕಡೆಯಿಂದ ಸುತ್ತ ಹರಡಿದ ಬಿರುಕು ಎಲ್ಲೋ ಬಡಿದದ್ದು. ಒಳಗಿನ ಪಟ್ಟಿಗಳ ಉದ್ದಕ್ಕೂ ಸಾಲಾಗಿ ಬಂದದ್ದು ಬೋಟಿನ ಮೈಯೇ ಬಳುಕುತ್ತಿದೆ ಎಂಬುದರ ಗುರುತು. ಮಾರುವ ಮುಂಚೆ ತಳಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಯಾಕೆ ಎಂದು ಕೇಳಲೇಬೇಕು.

ಮರದ ಬೋಟಿಗೆ ಚೂಪಾದ ದಬ್ಬಣ ಸಾಕು. ಕೆಳಗಿನ ತೊಲೆ, ಮೂತಿ, ಹಲಗೆಗಳ ತುದಿ, ಇಲ್ಲೆಲ್ಲ ಒತ್ತಿ ನೋಡಿ. ಸುಲಭವಾಗಿ ಇಳಿದರೆ ಕೊಳೆತಿದೆ. ಉಪ್ಪುನೀರಿಗಿಂತ ಮಳೆನೀರು ಮರವನ್ನು ಬೇಗ ಕೊಳೆಸುತ್ತದೆ. ಹಾಗಾಗಿ ತಳ ಮಾತ್ರವಲ್ಲ, ಡೆಕ್ಕಿನ ಸಂದುಗಳನ್ನೂ ನೋಡಬೇಕು. ಸಮುದ್ರದಲ್ಲಿ ಮರ ಕೊರೆಯುವ ಹುಳು ಇನ್ನೊಂದು ಕಾಟ. ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಬೆರಳು ತೂರುವಷ್ಟು ಸುರಂಗ. ಕಬ್ಬಿಣದ ಬೋಟಾದರೆ ಅಲ್ಟ್ರಾಸೋನಿಕ್ ಯಂತ್ರದಿಂದ ತಗಡಿನ ದಪ್ಪ ಅಳೆಸದೆ ಮುಂಗಡ ಕೊಡಬೇಡಿ.

ಈಗ ಇಂಜಿನ್. ನೋಡಲು ಬರುವ ಹೊತ್ತಿಗೆ ಚಾಲೂ ಮಾಡಿಡಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿ. ಹೋದ ಕೂಡಲೇ ಕೈಯಿಟ್ಟು ನೋಡಿ, ತಣ್ಣಗಿರಬೇಕು. ಬಿಸಿ ಇಂಜಿನ್ ಯಾವುದಾದರೂ ಚಾಲೂ ಆಗುತ್ತದೆ, ಕಾಯಿಲೆ ಗೊತ್ತಾಗುವುದು ತಣ್ಣಗಿರುವಾಗ. ಚಾಲೂ ಮಾಡುವ ಮೊದಲೇ ಗೇರ್ ಆಯಿಲ್ಲಿನ ಕೆಳ ಸ್ಕ್ರೂ ಸ್ವಲ್ಪ ಸಡಿಲಿಸಿ ಒಂದೆರಡು ಹನಿ ತೆಗೆಸಿ. ಹಾಲು ಬೆರೆತಂತೆ ಬೆಳ್ಳಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಸ್ಕ್ರೂವಿನ ಮ್ಯಾಗ್ನೆಟ್ಟಿಗೆ ನುಣ್ಣನೆ ಬೂದು ಪುಡಿ ಅಂಟಿದ್ದರೆ ಸರಿ, ಲೋಹದ ಚೂರುಗಳಿದ್ದರೆ ಗೇರ್ ಹಲ್ಲು ತಿಂದಿದೆ. ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರಿನೊಳಗೆ ಎಷ್ಟು ಒತ್ತಡ ಹುಟ್ಟುತ್ತದೆ ಎಂದು ಅಳೆಯುವುದು. ಇಷ್ಟೇ ಬರಬೇಕು ಎನ್ನುವುದು ಇಂಜಿನ್ನಿನ ಮೇಲೆ ಹೋಗುತ್ತದೆ, ಆದರೆ ಸಿಲಿಂಡರುಗಳ ನಡುವೆ ಸುಮಾರು 10 ಶೇಕಡಾಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ನಾನು ಕಾರಣ ಹುಡುಕದೆ ಮುಂದೆ ಹೋಗುವುದಿಲ್ಲ. ಡೀಸೆಲ್ ಇಂಜಿನ್ನಾದರೆ ಹೊಗೆ ನೋಡಿ. ಕಪ್ಪು ಹೊಗೆ ಎಂದರೆ ಗಾಳಿ ಸಾಲುತ್ತಿಲ್ಲ ಅಥವಾ ಭಾರ ಜಾಸ್ತಿ. ನೀಲಿ ಎಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಸುಡುತ್ತಿಲ್ಲ, ಇಲ್ಲವೇ ಸಿಲಿಂಡರಿಗೆ ನೀರು ಹೋಗುತ್ತಿದೆ.

ನೀರಿಗಿಳಿಸಿ ಓಡಿಸದೆ ಯಾವ ಬೋಟನ್ನೂ ಕೊಳ್ಳಬೇಡಿ. ದಡದಲ್ಲಿ ಡ್ರಮ್ಮಿಗೆ ಇಳಿಸಿ ಚಾಲೂ ಮಾಡಿ ತೋರಿಸಿದರೆ ಸಾಲದು. ಪೂರ್ತಿ ಥ್ರಾಟಲ್ ಕೊಟ್ಟಾಗ ಇಂಜಿನ್ ತನ್ನ ಪುಸ್ತಕದಲ್ಲಿ ಬರೆದ, ನಿಮಿಷಕ್ಕೆ ಇಷ್ಟು ಸುತ್ತು ಎನ್ನುವ ಆರ್‌ಪಿಎಂ ಮುಟ್ಟಬೇಕು. ಎಷ್ಟೋ ಫೋರ್ ಸ್ಟ್ರೋಕ್ ಔಟ್‌ಬೋರ್ಡ್‌ಗಳಿಗೆ ಅದು 5000ರಿಂದ 6000ದ ನಡುವೆ. ಮುಟ್ಟದಿದ್ದರೆ ಪ್ರೊಪೆಲ್ಲರ್ ಸರಿಹೊಂದಿಲ್ಲ, ಇಂಜಿನ್ ಸೋತಿದೆ ಅಥವಾ ನಾನು ಹೇಳಿದ ಆ ಫೋಮ್.

ಓಡಿಸುವಾಗ ಇನ್ನೊಂದನ್ನು ಗಮನಿಸಿ. ಹಿಂದಿನ ಮಾಲೀಕರು ಮೇಲೆ ಚಾವಣಿ ಹಾಕಿಸಿದ್ದಾರಾ, ಬಲೆ ಎಳೆಯುವ ವಿಂಚ್ ಎತ್ತರದಲ್ಲಿ ಕೂರಿಸಿದ್ದಾರಾ, ಡೆಕ್ಕಿನ ಮೇಲೆ ಐಸ್ ಪೆಟ್ಟಿಗೆ ಸೇರಿಸಿದ್ದಾರಾ? ಭಾರ ಮೇಲಕ್ಕೆ ಹೋದಷ್ಟೂ ಬೋಟ್ ಮಗುಚುವ ಅಪಾಯ. ವಾಲಿದ ಬೋಟ್ ಚಟಕ್ಕನೆ ನೆಟ್ಟಗಾದರೆ ಒಳ್ಳೆಯದು. ನಿಧಾನಕ್ಕೆ, ಯೋಚಿಸುತ್ತಾ ಎದ್ದಂತೆ ಕಂಡರೆ ಅದರಲ್ಲಿ ಹೋಗಬೇಡಿ. ಕೆಲವರಿಗೆ ಆ ಮೆಲ್ಲನೆಯ ತೂಗಾಟ ಹಿತವಾಗಿರುತ್ತದೆ. ದಯವಿಟ್ಟು ಅದನ್ನು ನಂಬಬೇಡಿ. ಬಲೆ ತುಂಬಿ ಬಂದ ದಿನ, ಅಲೆ ಪಕ್ಕಕ್ಕೆ ಹೊಡೆದಾಗ, ಅದೇ ಜೀವ ತೆಗೆಯುತ್ತದೆ.

ಕಾಗದ ಪತ್ರ ಬೇಗ ಹೇಳಿಬಿಡುತ್ತೇನೆ. ಬೋಟಿನ ಮೈ ಮೇಲಿನ ನಂಬರ್, ಇಂಜಿನ್ ನಂಬರ್ ಎರಡೂ ಕಾಗದಕ್ಕೆ ತಾಳೆಯಾಗಬೇಕು. ಬೋಟಿನ ಮೇಲೆ ಸಾಲ ಬಾಕಿ ಇದೆಯಾ ತಿಳಿದುಕೊಳ್ಳಿ. ಮೀನು ಹಿಡಿಯುವ ಲೈಸೆನ್ಸ್ ಬೋಟಿನ ಜೊತೆಗೇ ಬರುತ್ತದೆ ಎಂದು ಅಂದುಕೊಳ್ಳಬೇಡಿ, ಸಂಬಂಧಪಟ್ಟ ಕಚೇರಿಯಲ್ಲಿ ನೀವೇ ಕೇಳಿ.

ಮೈ ಗಟ್ಟಿ, ಇಂಜಿನ್ ಹಾಳು. ಇಂಜಿನ್ ಹೊಸದು, ಮೈ ಹಾಳು. ಎರಡರಲ್ಲಿ ಒಂದು ಆರಿಸಿ ಎಂದರೆ ನಾನು ಮೊದಲನೆಯದನ್ನೇ ಕೊಳ್ಳುತ್ತೇನೆ. ಔಟ್‌ಬೋರ್ಡ್ ಇಂಜಿನ್ ಒಂದು ದಿನದಲ್ಲಿ ಬದಲಿಸಬಹುದು.

ಕೊಂಡ ಮೇಲೆ ಮೊದಲ ಸಲ ಹೊರಡುವ ಮುಂಚೆ ಕೆಲವನ್ನು ಸುಮ್ನೆ ಬದಲಿಸಿಬಿಡಿ, ಚೆನ್ನಾಗಿ ಕಂಡರೂ ಸರಿ. ಇಂಜಿನ್ ಆಯಿಲ್, ಗೇರ್ ಆಯಿಲ್, ಫಿಲ್ಟರ್, ಇಂಧನದ ಪೈಪು, ನೀರಿನ ಪಂಪಿನ ಇಂಪೆಲ್ಲರ್. ಇಂಪೆಲ್ಲರ್ ಎಂದರೆ ಇಂಜಿನ್ ತಣ್ಣಗಿಡಲು ನೀರು ಎಳೆಯುವ ಚಿಕ್ಕ ರಬ್ಬರ್ ಚಕ್ರ. ನೀರಿಲ್ಲದೆ ಕೆಲವೇ ಸೆಕೆಂಡ್ ತಿರುಗಿದರೂ ಅದರ ರೆಕ್ಕೆ ಸುಟ್ಟು ಹರಿಯುತ್ತದೆ. ಇಂಜಿನ್ ಓಡುವಾಗ ಹಿಂದಿನಿಂದ ಪಿಚಕಾರಿಯಂತೆ ಬರುವ ನೀರು ಸಣ್ಣಗಾದರೆ ಅಲ್ಲೇ ನಿಲ್ಲಿಸಿ.

ಉಪ್ಪುನೀರಿನಿಂದ ಬಂದ ಪ್ರತಿ ಸಲ ಸಿಹಿನೀರು ಹಾಯಿಸಿ ಇಂಜಿನ್ ತೊಳೆಯಿರಿ, ಹತ್ತು ಹದಿನೈದು ನಿಮಿಷ. ಆಗ ಇಂಜಿನ್ ಚಾಲೂ ಇರಬೇಕೋ ಆಫ್ ಇರಬೇಕೋ ಎನ್ನುವುದು ಮಾದರಿಯಿಂದ ಮಾದರಿಗೆ ಬೇರೆ, ಪುಸ್ತಕ ನೋಡಿ. ಇಂಜಿನ್ನಿಗೆ ಕಟ್ಟಿದ ಆನೋಡ್ ಎಂಬ ಲೋಹದ ತುಂಡು ಅರ್ಧ ಸವೆದರೆ ಬದಲಿಸಿ. ಲೋಹವನ್ನು ತಿನ್ನುವ ತುಕ್ಕು ಮೊದಲು ಅದನ್ನು ತಿನ್ನಲಿ ಎಂದೇ ಅದು ಇರುವುದು. ಅದರ ಮೇಲೆ ಬಣ್ಣ ಬಳಿದರೆ ಕೆಲಸ ಮಾಡುವುದಿಲ್ಲ. ಉಪ್ಪುನೀರಿಗೆ ಜಿಂಕ್ ಅಥವಾ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ. ಇನ್ನು ಬೋಟಿನ ಮೈಯೇ ಅಲ್ಯೂಮಿನಿಯಂ ಆಗಿದ್ದರೆ ತಾಮ್ರ ಬೆರೆತ ಬಣ್ಣ ತಳಕ್ಕೆ ಹಚ್ಚಬೇಡಿ, ಮೈಯನ್ನೇ ತಿನ್ನುತ್ತದೆ.

ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ನೀರು ಬೇರೆಯಾಗಿ ತಳಕ್ಕಿಳಿದು, ಇಂಜಿನ್ ಮೊದಲು ಕುಡಿಯುವುದು ಅದನ್ನೇ. ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್ ಹಾಕಿಸಿಕೊಳ್ಳಿ. ಡೀಸೆಲ್‌ನಲ್ಲೂ ತಳದ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಬೋಟಿನ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ಫ್ಲೋಟ್ ಸ್ವಿಚ್ಚನ್ನು ಪ್ರತಿ ಸಲ ಹೊರಡುವ ಮೊದಲು ಬೆರಳಿನಿಂದ ಎತ್ತಿ, ಪಂಪ್ ಓಡುತ್ತದಾ ನೋಡಿ. ಮುಳುಗಿದ ಮೇಲೆ ನನ್ನ ಹತ್ತಿರ ಬಂದ ಬೋಟ್‌ಗಳಲ್ಲಿ ಪಂಪ್ ಇತ್ತು, ಸ್ವಿಚ್ ಕೆಟ್ಟಿತ್ತು.

ಹೊಸ ತೂತು ಕೊರೆಯುವಾಗ ಮಾತ್ರ ಅವಸರ ಮಾಡಬೇಡಿ. ಗಾಳದ ಕೋಲು ನಿಲ್ಲಿಸುವ ರಾಡ್ ಹೋಲ್ಡರಿಗೋ ಲೈಟಿಗೋ ತೂತು ಬೇಕಾದರೆ, ಬೇಕಾದದ್ದಕ್ಕಿಂತ ದೊಡ್ಡದು ಕೊರೆದು, ಎಪಾಕ್ಸಿ ಅಂಟು ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಕೊರೆಯಿರಿ. ಆಗ ಸೀಲೆಂಟ್ ಬಿಟ್ಟರೂ ನೀರು ಮರ ಮುಟ್ಟುವುದಿಲ್ಲ. ನೀರಿನ ಮಟ್ಟದ ಕೆಳಗೆ ಮಾಮೂಲಿ ಸಿಲಿಕೋನ್ ಬೇಡ, ಬೋಟಿಗೆಂದೇ ಬರುವ ಪಾಲಿಯುರೆಥೇನ್ ಸೀಲೆಂಟ್ ಹಚ್ಚಿ.

ಮೀನುಗಾರಿಕೆ ನಿಂತ ತಿಂಗಳುಗಳಲ್ಲಿ ಬೋಟನ್ನು ಮೂತಿ ಸ್ವಲ್ಪ ಎತ್ತರಕ್ಕಿರುವಂತೆ ನಿಲ್ಲಿಸಿ. ಡ್ರೈನ್ ಪ್ಲಗ್ ತೆಗೆದಿಡಿ, ಮಳೆನೀರು ನಿಲ್ಲದೆ ಹಿಂದಿನಿಂದ ಇಳಿದುಹೋಗಲಿ. ಟಾರ್ಪಾಲ್ ಹೊದಿಸುವುದಾದರೆ ಎರಡೂ ತುದಿಯಲ್ಲಿ ಗಾಳಿಯಾಡಲು ಬಿಡಿ. ಗಾಳಿಯಾಡದಂತೆ ಬಿಗಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ತೆಗೆದ ಪ್ಲಗ್ಗನ್ನು ಇಂಜಿನ್ ಕೀಲಿಗೇ ಕಟ್ಟಿಡಿ. ಕೀಲಿ ಇಲ್ಲದೆ ಬೋಟ್ ಹೊರಡುವುದಿಲ್ಲ, ಹಾಗಾಗಿ ಪ್ಲಗ್ ಮರೆಯುವುದಿಲ್ಲ.