ಎಡಗಣ್ಣಿಗೆ ಕೆಲಸ ಕೊಟ್ಟ ಕನ್ನಡಕ

ಮಗಳ ಕಣ್ಣು ಪರೀಕ್ಷೆಗೆ ಹೊರಟಾಗ ನಮಗೆ ಯಾವ ಅನುಮಾನವೂ ಇರಲಿಲ್ಲ. ಶಾಲೆಗೆ ಸೇರಿಸುವ ಮೊದಲು ಒಮ್ಮೆ ತೋರಿಸಿಬಿಡೋಣ ಎಂದಷ್ಟೇ ಹೋದದ್ದು. ನಾಲ್ಕು ವರ್ಷದ ಹುಡುಗಿ ಚಿತ್ರಪುಸ್ತಕದ ಮೂಲೆಯಲ್ಲಿ ಅಡಗಿದ ಇರುವೆಯನ್ನೂ ಹುಡುಕಿ ತೋರಿಸುತ್ತಿದ್ದಳು. ಮೆಳ್ಳೆಗಣ್ಣಿಲ್ಲ, ಎಡವುವುದಿಲ್ಲ, ಕಣ್ಣು ಕಿರಿದು ಮಾಡಿ ನೋಡುವುದೂ ಇಲ್ಲ.

ಎಡಗಣ್ಣು ಮುಚ್ಚಿದಾಗ ಗೋಡೆಯ ಮೇಲಿನ ಮನೆ, ಸೇಬು, ವೃತ್ತಗಳನ್ನು ಕೆಳಗಿನ ಸಾಲಿನವರೆಗೂ ಪಟಪಟನೆ ಹೇಳಿದಳು. ಬಲಗಣ್ಣು ಮುಚ್ಚಿದರು. ಅವಳು ಮುಚ್ಚಿದ ಕೈಯನ್ನು ತಳ್ಳಿದಳು. ಮತ್ತೆ ಮುಚ್ಚಿದರೆ ತಲೆ ವಾರೆ ಮಾಡಿ ಪಕ್ಕದಿಂದ ಇಣುಕಿದಳು. "ಇದು ಹಠವಲ್ಲ. ಅವಳು ನೋಡುತ್ತಿರುವುದೇ ಆ ಕಣ್ಣಿನಿಂದ" ಎಂದರು ವೈದ್ಯೆ.

ಆಮೇಲೆ ಹನಿ ಹಾಕಿದರು. ಉರಿಯಿತು, ಅತ್ತಳು. ಪಾಪೆ ಅಗಲವಾಗುವವರೆಗೆ ಮಡಿಲಲ್ಲಿ ಕೂರಿಸಿಕೊಂಡು ಕಾದೆ. ಮಕ್ಕಳ ಕಣ್ಣು ಪ್ಲಸ್ ಪವರ್‌ನ (ದೂರದೃಷ್ಟಿಯ) ಕೊರತೆಯನ್ನು ಒಳಗಿನ ಸ್ನಾಯುವಿನ ಬಲದಿಂದಲೇ ತುಂಬಿಕೊಂಡುಬಿಡುತ್ತದಂತೆ. ಹನಿ ಆ ಸ್ನಾಯುವನ್ನು ಸ್ವಲ್ಪ ಹೊತ್ತು ಸಡಿಲಿಸಿದರೆ ಮಾತ್ರ ನಿಜವಾದ ಸಂಖ್ಯೆ ಸಿಗುತ್ತದೆ. ಬಳಿಕ ಕತ್ತಲ ಕೋಣೆಯಲ್ಲಿ ರೆಟಿನೋಸ್ಕೋಪ್ ಎಂಬ ಕೈಯುಪಕರಣದ ಬೆಳಕಿನ ಗೆರೆಯನ್ನು ಕಣ್ಣಿನೊಳಗೆ ಹಾಯಿಸಿ, ಅದು ಮರಳಿ ಬರುವ ರೀತಿ ನೋಡುತ್ತ ಒಂದೊಂದೇ ಮಸೂರ ಹಿಡಿದರು. ಮಗು ಬಾಯಿ ಬಿಡಬೇಕಾಗಿಯೇ ಇರಲಿಲ್ಲ. ಮಾತು ಬಾರದ ಕೂಸಿನ ಪವರ್ ಕೂಡ ಹೀಗೆ ಅಳೆಯಬಹುದು ಎಂಬುದು ನನಗೆ ಈಗಲೂ ಬೆರಗಿನ ಸಂಗತಿ. ಬಲಗಣ್ಣಿಗೆ ಪ್ಲಸ್ 1.25, ಎಡಗಣ್ಣಿಗೆ ಪ್ಲಸ್ 4.50.

ಎಲ್ಲವೂ ಇದ್ದದ್ದು ಆ ಅಂತರದಲ್ಲಿ. ಎರಡೂ ಕಣ್ಣುಗಳು ಒಟ್ಟಿಗೇ, ಒಂದೇ ಪ್ರಮಾಣದಲ್ಲಿ ದೃಷ್ಟಿ ಹೊಂದಿಸಿಕೊಳ್ಳುತ್ತವೆ. ಬಲಗಣ್ಣಿಗೆ ಚಿತ್ರ ಸ್ಪಷ್ಟವಾದಲ್ಲಿಗೆ ಮೆದುಳು ನಿಲ್ಲಿಸಿಬಿಡುತ್ತದೆ, ಎಡಗಣ್ಣಿನ ಚಿತ್ರ ಸದಾ ಮಸುಕು. ಮಸುಕನ್ನು ನೋಡಿ ನೋಡಿ ಮೆದುಳು ಅದನ್ನು ಗಣನೆಗೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಇದನ್ನೇ ಸೋಮಾರಿ ಕಣ್ಣು (ಆಂಬ್ಲಿಯೋಪಿಯಾ) ಎನ್ನುವುದು. ನರವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳಲ್ಲಿ ಕಂಡದ್ದು ಇದರ ಮೂಲವನ್ನೇ: ಎಳವೆಯಲ್ಲಿ ಒಂದು ಕಣ್ಣಿನ ರೆಪ್ಪೆ ಹೊಲಿದಿಟ್ಟು ಮುಂದೆ ತೆರೆದರೆ, ಮೆದುಳಿನ ದೃಷ್ಟಿಕೋಶಗಳು ಆ ಕಣ್ಣಿಗೆ ಹೆಚ್ಚುಕಡಿಮೆ ಸ್ಪಂದಿಸುತ್ತಲೇ ಇರಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಬಂತು. ಆ ಮರಿಗಳನ್ನು ನೆನೆದರೆ ಸಂಕಟವಾಗುತ್ತದೆ, ಆದರೆ ಇಂದು ಮಕ್ಕಳಿಗೆ ಬೇಗ ಚಿಕಿತ್ಸೆ ಕೊಡಬೇಕೆಂಬ ಅವಸರಕ್ಕೆ ಅವೇ ಆಧಾರ. ಏಳು ವರ್ಷದೊಳಗೆ ಫಲ ಚೆನ್ನಾಗಿ ಸಿಗುತ್ತದೆ. ಆಮೇಲೆ ಸಿಗುವುದೇ ಇಲ್ಲ ಎಂದಲ್ಲ, ಕಷ್ಟವಾಗುತ್ತ ಹೋಗುತ್ತದೆ.

ಕನ್ನಡಕ ಬಂದ ದಿನ ನನ್ನನ್ನು ತಬ್ಬಿಬ್ಬಾಗಿಸಿದ್ದು ಬೇರೆಯೇ. ಪವರ್ ಸರಿಯಾಗಿತ್ತು, ಮಸೂರ ಸರಿಯಾಗಿತ್ತು. ಆದರೂ ಬಲಗಣ್ಣು ಮುಚ್ಚಿದರೆ ಅವಳಿಗೆ ಕಂಡದ್ದು 6/36ರ ದೊಡ್ಡ ಚಿತ್ರಗಳು ಮಾತ್ರ, ಅಂದರೆ ಸರಿಯಾದ ಕಣ್ಣು 36 ಮೀಟರ್‌ನಿಂದ ಗುರುತಿಸುವುದನ್ನು ಅವಳು 6 ಮೀಟರ್‌ನಿಂದ ನೋಡಬೇಕು. ಕನ್ನಡಕ ಸ್ಪಷ್ಟ ಚಿತ್ರವನ್ನು ಕಣ್ಣಿನ ಹಿಂಭಾಗಕ್ಕೆ ತಲುಪಿಸುತ್ತದೆ, ಅದನ್ನು ಓದುವುದನ್ನು ಮೆದುಳು ತಿಂಗಳುಗಟ್ಟಲೆ ಕಲಿಯಬೇಕು. ಅದಕ್ಕೇ ಬೆಳಿಗ್ಗೆ ಎದ್ದ ಕ್ಷಣದಿಂದ ಮಲಗುವವರೆಗೂ ಹಾಕಿರಲೇಬೇಕೆಂಬ ಕಟ್ಟುನಿಟ್ಟು. ಪುಸ್ತಕ ನೋಡುವಾಗ ಮಾತ್ರ ಹಾಕಿದರೆ ಸಾಲದು.

"ಇಷ್ಟು ಚಿಕ್ಕ ವಯಸ್ಸಿಗೇ ಹಾಕಿದರೆ ಕಣ್ಣು ಇನ್ನೂ ಕೆಡುತ್ತದೆ" ಎಂದವರು ಬಹಳ ಮಂದಿ. ಅವರ ಕಾಳಜಿ ನಿಜ, ಮಾತು ಮಾತ್ರ ತಪ್ಪು. ನಾನು ವಾದಕ್ಕಿಳಿಯಲಿಲ್ಲ, ಮಗಳ ಬಲಗಣ್ಣು ಮುಚ್ಚಿ ಎದುರಿಗೆ ಬೆರಳು ತೋರಿಸಿ ಎಂದೆ. ಅವಳು ತಡವರಿಸಿದ್ದನ್ನು ಕಂಡ ಮೇಲೆ ಯಾರೂ ಎರಡನೆಯ ಮಾತಾಡಲಿಲ್ಲ. ಅವಳಿಗೋ, ಕಿವಿಯ ಹಿಂದೆ ಕಟ್ಟುವ ಪಟ್ಟಿ ಕಿರಿಕಿರಿ. ಮೂಗಿನ ಮೇಲೆ ಜಾರದ ಚೌಕಟ್ಟು ಸಿಕ್ಕಿದ ಮೇಲೆ ಅದೂ ಕಡಿಮೆಯಾಯಿತು. ಸಣ್ಣ ಮಕ್ಕಳಿಗೆ ಬಣ್ಣಕ್ಕಿಂತ ಅಳತೆ ಮುಖ್ಯ. ಜಾರಿದ ಕನ್ನಡಕದ ಮೇಲಿಂದ ಅವರು ನೋಡತೊಡಗುತ್ತಾರೆ.

ಕೆಲವು ತಿಂಗಳ ನಂತರದ ತಪಾಸಣೆಯಲ್ಲಿ ಎಡಗಣ್ಣು 6/12ಕ್ಕೆ ಬಂದಿತ್ತು, ಕನ್ನಡಕವೊಂದರಿಂದಲೇ. ಕೆಲವು ಮಕ್ಕಳಿಗೆ ಇಷ್ಟರಲ್ಲೇ ಪೂರ್ತಿ ಸರಿಹೋಗುತ್ತದೆ. ನಮ್ಮವಳಿಗೆ ಸುಧಾರಣೆ ಅಲ್ಲಿಗೆ ನಿಂತಾಗ, ಎಡಗಣ್ಣೇ ದುಡಿಯಲೆಂದು ದಿನಕ್ಕೆ ಎರಡು ಗಂಟೆ ಬಲಗಣ್ಣಿಗೆ ಪಟ್ಟಿ ಅಂಟಿಸಲು ಹೇಳಿದರು. ಆ ಹೊತ್ತಿಗೆ ಬಣ್ಣ ತುಂಬುವುದು, ಮಣಿ ಪೋಣಿಸುವುದು ಎಂದು ಗೊತ್ತು ಮಾಡಿಕೊಂಡಿದ್ದೇವೆ. ಇಂಥ ದೋಷ ಒಂದೇ ಮನೆಯ ಮಕ್ಕಳಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು ಎಂದು ತಿಳಿದದ್ದರಿಂದ, ಮುಂದಿನ ಸಲ ಅವಳ ತಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದೇವೆ. ಅವನಿಗಿನ್ನೂ ಎರಡೂವರೆ. ರೆಟಿನೋಸ್ಕೋಪಿಗೆ ಅಷ್ಟು ವಯಸ್ಸು ಸಾಕು.