ಹೊಂಡದ ಮೀನಿನ ಮೊದಲ ಪಾಲು ಮನೆಗೆ

ಮಲೆನಾಡಿನಲ್ಲಿ ಮೀನಿಗೇನು ಕೊರತೆ ಎಂಬ ಮಾತು ಮಳೆಗಾಲದ ಆರಂಭಕ್ಕೆ ಮಾತ್ರ ಹೊಂದುತ್ತದೆ. ಹೊಸ ನೀರಿಗೆ ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ತುಮೀನಿನ ದಿನಗಳು ಮುಗಿದ ಮೇಲೆ, ತೀರ್ಥಹಳ್ಳಿ, ಹೊಸನಗರದ ಒಳಹಳ್ಳಿಗಳಿಗೆ ಮೀನು ಬರಬೇಕಾದದ್ದು ಹೆಚ್ಚಾಗಿ ಘಟ್ಟದ ಕೆಳಗಿನಿಂದಲೇ. ಕೂಲಿಯ ದುಡ್ಡಿನಲ್ಲಿ ನಡೆಯುವ ಮನೆಗಳು ಅದನ್ನು ಬೇಕೆಂದಾಗಲೆಲ್ಲ ಕೊಳ್ಳಲಾರವು. ಆದ್ದರಿಂದ ತೋಟದ ಅಂಚಿನ ಕೃಷಿಹೊಂಡದಲ್ಲಿ ಮೀನು ಸಾಕುವವರು ಮೊದಲ ಪಾಲನ್ನು ಮನೆಗೆ ಎತ್ತಿಟ್ಟು, ಉಳಿದದ್ದನ್ನಷ್ಟೇ ಮಾರಾಟದ ಲೆಕ್ಕಕ್ಕೆ ಹಿಡಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮನೆಯ ಊಟವನ್ನು ಮುಂದಿಟ್ಟುಕೊಂಡರೆ ಹೊಂಡಕ್ಕೆ ಯಾವ ಮೀನು ಬಿಡಬೇಕೆಂಬ ಯೋಚನೆಯೂ ಬದಲಾಗುತ್ತದೆ. ಮೇಲ್ಪದರದಲ್ಲಿ ಮೇಯುವ ಕಾಟ್ಲಾ, ನಡುನೀರಿನ ರೋಹು, ತಳದ ಮೃಗಾಲ್ ಅಥವಾ ಸಾಮಾನ್ಯ ಗೆಂಡೆ ಒಟ್ಟಿಗಿದ್ದರೆ ಹೊಂಡದ ಆಹಾರವೆಲ್ಲ ಬಳಕೆಯಾಗುತ್ತದೆ ನಿಜ. ಆದರೆ ದೊಡ್ಡ ಮೀನಿನ ಮುಳ್ಳನ್ನು ನಾವು ತೆಗೆದು ಎಸೆಯುತ್ತೇವೆ. ತಲೆ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿನಲ್ಲಿ ಸುಣ್ಣದ ಅಂಶ, ಕಬ್ಬಿಣ ಹೇರಳವಾಗಿದ್ದು, ಕೆಲವು ಜಾತಿಗಳಲ್ಲಿ ಎ ಜೀವಸತ್ವವೂ ಸಮೃದ್ಧವಾಗಿದೆ. ಬಾಂಗ್ಲಾದೇಶದ ಮನೆಗೊಳಗಳಲ್ಲಿ ಗೆಂಡೆಗಳ ಜೊತೆಗೆ ಇಂಥ ಸಣ್ಣ ಮೀನನ್ನು ಬೆಳೆಸುವ ಕ್ರಮವನ್ನು ರೂಪಿಸಿದ ಶಕುಂತಲಾ ಹರಕ್‌ಸಿಂಗ್ ಥಿಲ್‌ಸ್ಟೆಡ್ ಅವರಿಗೆ 2021ರ ವಿಶ್ವ ಆಹಾರ ಪ್ರಶಸ್ತಿ ಸಂದಿತು. ನಮ್ಮ ಹಳ್ಳಗಳ ಸಣ್ಣ ಮೀನಿಗೂ ಹೊಂಡದಲ್ಲಿ ಸ್ವಲ್ಪ ಜಾಗ ಕೊಡುವುದು ಸಾಧ್ಯ. ಮರಿಗಳನ್ನೇ ನುಂಗುವ ಬೇಟೆಮೀನುಗಳು ಮಾತ್ರ ಒಳಸೇರಬಾರದು.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ನೀರು. ವಿಪರೀತ ಮಳೆಗೆ ಸಾರ ತೊಳೆದುಹೋದ ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ಅದರಲ್ಲಿ ನಿಂತ ನೀರಿಗೆ ಸುಣ್ಣ ಹಾಕದಿದ್ದರೆ ಮೀನು ತಿನ್ನುವ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ, ಮೀನಿಗೂ ಮೈ ಹತ್ತುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಅಡಿಕೆ ತೋಟದ್ದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿದ್ದು, ಅದರ ತಾಮ್ರ ಮೀನಿಗೆ ವಿಷ. ನಮ್ಮಲ್ಲಿರುವಂಥ ಮೆದು ನೀರಿನಲ್ಲಿ ಆ ವಿಷ ಇನ್ನೂ ತೀವ್ರ. ಔಷಧಿ ಹೊಡೆಯುವ ಕಾಲವೂ ಮರಿ ಬಿಡುವ ಕಾಲವೂ ಒಂದೇ ಮಳೆಗಾಲವಾದ್ದರಿಂದ, ತೋಟದ ಬಸಿಗಾಲುವೆಯ ನೀರು ಹೊಂಡಕ್ಕೆ ಇಳಿಯದಂತೆ ಮೊದಲೇ ಬದು ಕಟ್ಟಿ ತಿರುಗಿಸಲೇಬೇಕು. ದ್ರಾವಣದ ಡ್ರಮ್ಮು, ಔಷಧಿ ಹೊಡೆಯುವ ಪಂಪುಗಳನ್ನು ಹೊಂಡದಲ್ಲಿ ತೊಳೆಯಲೂಬಾರದು. ಕೋಡಿಗೆ ಬಲೆ ಕಟ್ಟದಿದ್ದರೆ ಒಂದು ದೊಡ್ಡ ಮಳೆಗೆ ಮರಿಗಳೆಲ್ಲ ಹಳ್ಳದ ಪಾಲಾಗುತ್ತವೆ.

ನಾಲ್ಕು ಗುಂಟೆಯ ಹೊಂಡಕ್ಕೆ 250 ಬಲಿತ ಮರಿಗಳು ಸಾಕು. ಅಕ್ಕಿ ತೌಡು, ಶೇಂಗಾ ಹಿಂಡಿಯನ್ನು ಸಮವಾಗಿ ಕಲಸಿ ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಹಾಕುವುದು ಒಳ್ಳೆಯದು. ಮೋಡ ಕವಿದ ಬೆಳಗುಗಳಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆಯೆಂದು ತಿಳಿದು, ಆ ದಿನ ಮೇವು ನಿಲ್ಲಿಸಿ ಹೊಸ ನೀರು ಬಿಡಬೇಕು. ಮೂರರಲ್ಲಿ ಎರಡು ಪಾಲು ಮರಿ ಉಳಿದು, ಒಂದೊಂದು ಅರ್ಧ ಕೆಜಿ ತೂಗಿದರೂ 80 ಕೆಜಿಗೆ ಮೋಸವಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೆ ಒಂದೂವರೆ ಕೆಜಿ ಮನೆಗೆ ಹಿಡಿದರೂ 50 ಕೆಜಿಗಿಂತ ಹೆಚ್ಚು ಮಾರಲು ಉಳಿಯುತ್ತದೆ. ಅದನ್ನು ಬೇಸಿಗೆಯಲ್ಲಿ ನೀರು ತಳ ಕಾಣುವವರೆಗೆ ಕಾದು ಒಮ್ಮೆಲೇ ವ್ಯಾಪಾರಿಯ ಕೈಗೆ ಒಪ್ಪಿಸುವ ಬದಲು, ಊರಿನವರಿಗೆ ಮೊದಲೇ ತಿಳಿಸಿ, ದೊಡ್ಡದಾದ ಮೀನುಗಳನ್ನಷ್ಟೇ ಆಗಾಗ ಹಿಡಿದು ದಂಡೆಯಲ್ಲೇ ಜೀವಂತವಾಗಿ ತೂಗಿ ಕೊಟ್ಟರೆ ಐಸು, ಸಾಗಣೆಯ ಖರ್ಚು ಉಳಿಯುತ್ತದೆ, ಹಿಂದುಳಿದ ಮೀನುಗಳಿಗೂ ಬೆಳೆಯಲು ಜಾಗ ಸಿಗುತ್ತದೆ.